ಹೊಸ ಟೀವಿಗೊಂದು ಮನವಿ: ಅತ್ತೆಯ ಕೋಟಿನ ವಿಷಯವಾಗಿ

ನಮ್ಮ ನಡುಮನೆಯ ಗೋಡೆಯನ್ನು ಅಲಂಕರಿಸಿರುವ, ಬೆನ್ನಿಲ್ಲದಿದ್ದರೂ ಬಿಂಕಕ್ಕೇನೂ ಕಡಿಮೆಯಿಲ್ಲದ ಚಪ್ಪಟೆ ಟೀವಿ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ನಾವೆಲ್ಲ ಇಲ್ಲಿ ಕ್ಷೇಮ. ತಾವು ಕ್ಷೇಮವೆಂಬುದು ತಮ್ಮ ಗದ್ದದ ಕೆಳಗೆ ಉರಿಯುವ ಕೆಂಪು ದೀಪದಿಂದಲೇ ತಿಳಿಯುತ್ತಿದೆ. ತಾವು ಹಗಲಿರುಳೂ ನಮ್ಮ ಕಡೆಗೇ ಮುಖ ಮಾಡಿರುವುದರಿಂದ ಈ ಪತ್ರವನ್ನು ಅಂಚೆಗೆ ಹಾಕದೆ ತಮ್ಮೆದುರೇ ಗಟ್ಟಿಯಾಗಿ ಓದಿ, ಬೀದಿಯವರ ಅವಗಾಹನೆಗಾಗಿ ಗೇಟಿಗೂ ಅಂಟಿಸಲಾಗುವುದು.

ತಾವು ಈ ಮನೆಗೆ ದಯಮಾಡಿಸಿದಂದಿನಿಂದ ತಮ್ಮೊಳಗಿನ ಜಗತ್ತಿಗೆಲ್ಲ ಮಂಜು ಮುಸುಕಿತ್ತು. ಫುಟ್‌ಬಾಲ್ ಆಟಗಾರರು ಇಲ್ಲದ ಚೆಂಡಿಗಾಗಿ ಬಡಿದಾಡುತ್ತಿದ್ದರು. ಹವಾಮಾನದವರು ಹೊಗೆಯೊಳಗೆ ನಿಂತು ‘ನಾಳೆ ಶುಭ್ರ ಬಿಸಿಲು’ ಎಂದು ಸಾರುತ್ತಿದ್ದರು. ಬಸ್ ಓಡಿಸುವ ಅಪ್ಪ ತಮ್ಮ ಹಿಂದಿನ ವಯರುಗಳನ್ನೆಲ್ಲ ಕಿತ್ತು ಸಿಕ್ಕಿಸಿ, ಪಕ್ಕೆಗೆರಡು ತಟ್ಟಿ, ‘ಹಳೇ ಡಬ್ಬಾಗೆ ಏಟಿನ ಭಯವಾದ್ರೂ ಇತ್ತು’ ಎಂದು ನಿಟ್ಟುಸಿರಿಟ್ಟರು. ತಮ್ಮ ಮೆನು ಹೊಕ್ಕ ಅಕ್ಕ ಬೆಳಕು, ಬಣ್ಣಗಳನ್ನು ತುತ್ತತುದಿಗೇರಿಸಿ ಜಗತ್ತಿನ ನಾಯಕರಿಗೆಲ್ಲ ಕಾಮಾಲೆ ತರಿಸಿದಳು. ಸಹಾಯವಾಣಿಯ ವಿನಯವಂತೆ ‘ಆಫ್ ಮಾಡಿ ಆನ್ ಮಾಡಿದ್ರಾ ಸಾರ್?’ ಎಂದು ಮತ್ತೆ ಮತ್ತೆ ಕೇಳಲಾಗಿ, ಅಪ್ಪ ‘ನನ್ನೊಬ್ಬನ್ನ ಬಿಟ್ಟು ಎಲ್ಲಾ ಆಫ್ ಮಾಡಿದೀನಮ್ಮಾ’ ಎಂದು ವಿಜ್ಞಾಪಿಸಿಕೊಂಡರು.

ಕಾರ್ಖಾನೆಯವರು ತಮ್ಮ ಮುಖಕ್ಕೆ ಅಂಟಿಸಿ ಕಳಿಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಹೊಸ ಸಾಮಾನಿನ ಪ್ಲಾಸ್ಟಿಕ್ ಸುಲಿಯುವುದು ನಮ್ಮ ಮನೆತನಕ್ಕೇ ಒಗ್ಗದ ಕೆಲಸ. ನಮ್ಮ ಸೋಫಾ ಕೂತವರ ಕೆಳಗೆ ಚರಚರ ಚಾಡಿ ಹೇಳುತ್ತದೆ. ರಿಮೋಟು ಚೀಲದೊಳಗಿನಿಂದಲೇ ಆಜ್ಞೆ ಹೊರಡಿಸುತ್ತದೆ. ‘ಸುಲಿದ್ರೆ ಹೊಸತನ ಹೋಗ್ಬಿಡುತ್ತೆ’ ಎಂಬುದು ಅಮ್ಮನ ಶಾಸನ.

ಹೀಗಿರಲು, ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಮ್ಮ ಸೋದರತ್ತೆಗೆ ವಾರ್ತೆ ಓದುವ ಹೆಂಗಸೊಬ್ಬರ ನೀಲಿ ಕೋಟು ಹೊಲಿಯುವ ಭಾಗ್ಯ ಒದಗಿತು. ಟೀವಿಯಲ್ಲಿ ಚೆನ್ನಾಗಿ ಕಂಡರೆ ಇನ್ನು ಮುಂದಿನ ಕೋಟುಗಳೆಲ್ಲ ಅತ್ತೆಯ ಅಂಗಡಿಗೇ ಎಂದು ಮಾತಾಗಿತ್ತು. ಅತ್ತೆ ಕತ್ತರಿ ಕೆಳಗಿಟ್ಟವರೇ ಗಿರಾಕಿಗಳನ್ನೂ, ವಿಶೇಷವಾಗಿ ಎದುರಂಗಡಿಯ ಪ್ರತಿಸ್ಪರ್ಧಿ ದರ್ಜಿಯನ್ನೂ, ಸಂಜೆಯ ವಾರ್ತೆಗೆ ನಮ್ಮ ಮನೆಗೇ ಆಹ್ವಾನಿಸಿಬಿಟ್ಟರು. ಆಮೇಲೆ ತಮ್ಮ ಮಂಜು ನೋಡಿ, ‘ಲೋ, ಏನಾದ್ರೂ ಮಾಡ್ರೋ, ನನ್ನ ನೀಲಿ ಇದ್ರಲ್ಲಿ ಗೋಣಿಚೀಲದ ಹಾಗೆ ಕಾಣುತ್ತೆ!’ ಎಂದು ಗೋಳಿಟ್ಟರು.

ಸಂಜೆ ಎಲ್ಲರೂ ನೆರೆದು ವಾರ್ತೆ ಶುರುವಾಗುವ ಹೊತ್ತಿಗೆ ಅಜ್ಜಿ, ಔಷಧಿಯ ಡ್ರಾಯರಿನ ತಳಕ್ಕೆ ಹಾಸಲು ಒಳ್ಳೆಯ ಹಾಳೆಯೊಂದನ್ನು ಅರಸುತ್ತ ಬಂದವರು, ತಮ್ಮ ಮುಖದ ಹಾಳೆಯ ಮೂಲೆಗೆ ಉಗುರು ಹಾಕಿ ಸರ್ರನೆ ಎಳೆದರು. ಅಬ್ಬಾ, ತಮ್ಮ ತೇಜಸ್ಸೇ! ವಾರ್ತೆಯವರ ಹುಬ್ಬಿನ ಕೂದಲನ್ನೂ ಎಣಿಸಬಹುದಾಗಿತ್ತು.

ಕೋಟಿನ ಭುಜದುದ್ದಕ್ಕೂ ಅತ್ತೆ ಬಿಚ್ಚಲು ಮರೆತ ಕಚ್ಚಾ ಹೊಲಿಗೆಯ ಬಿಳಿ ದಾರವನ್ನೂ.

ಎದುರಂಗಡಿಯವರು ಕನ್ನಡಕ ಒರೆಸಿಕೊಂಡು, ‘ದಾರ ಧಾರಾಳವಾಗಿದೆ’ ಎಂದರು. ಅತ್ತೆ ಎರಡೂ ಕೈ ಚಾಚಿ ತಮ್ಮ ಮುಂದೆ ನಿಂತು, ‘ಮುಗೀತು, ಕರೆಂಟ್ ಹೋಯ್ತು ಅಂದ್ಕೊಳ್ಳಿ, ಏಳಿ’ ಎಂದು ಸಭೆಯನ್ನು ಬರಖಾಸ್ತು ಮಾಡಿದರು. ಈಗ ಅವರು ಹಾಳೆ ವಾಪಸು ಅಂಟಿಸಿ ಎನ್ನುತ್ತಾರೆ. ಅಜ್ಜಿ ಡ್ರಾಯರಿಗೆ ಬೀಗ ಹಾಕಿದ್ದಾರೆ.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಫುಟ್‌ಬಾಲಿಗೆ ಈಗಿನಂತೆಯೇ ಸ್ಪಷ್ಟವಾಗಿದ್ದು, ಅತ್ತೆಯ ಹೊಲಿಗೆ ಕಂಡೊಡನೆ ಸ್ವಂತ ವಿವೇಚನೆಯಿಂದ ಮಂಕಾಗತಕ್ಕದ್ದು; ಎದುರಂಗಡಿಯವರ ಹೊಲಿಗೆ ಕಂಡರೆ ದುಪ್ಪಟ್ಟು ಹೊಳೆಯತಕ್ಕದ್ದು. ಸಾಧ್ಯವಿಲ್ಲವೆಂದರೆ ಅಪ್ಪನ ಅಂಗೈ ಇನ್ನೂ ಸೇವೆಯಲ್ಲಿದೆಯೆಂದು ನೆನಪಿಸಬಯಸುತ್ತೇನೆ.

ತಮ್ಮ ವಿಶ್ವಾಸಿ,
ಚರಚರ ಸೋಫಾದ ಎಡತುದಿಯ ಖಾಯಂ ಸದಸ್ಯ

ಮರೆತ ಮಾತು: ವಾರ್ತೆಯವರಿಂದ ಈಗಷ್ಟೇ ಫೋನು ಬಂತು. ಕೋಟು, ದಾರ ಯಾವುದನ್ನೂ ಬಿಡದೆ ಕುಂದು ಹುಡುಕುವ ಅವರ ಗಂಡನ ತಾಯಿಯೇ ಮನೆಯ ಹೊಸ ಟೀವಿಯಲ್ಲಿ ನೋಡಿ, ಒಂದೇ ಒಂದು ತಪ್ಪೂ ಕಾಣಲಿಲ್ಲ ಎಂದರಂತೆ; ಇನ್ನೂ ಮೂರು ಕೋಟು ಹೊಲಿಯಬೇಕಂತೆ. ಆ ಟೀವಿ ಇನ್ನೂ ಹಾಳೆ ಸುಲಿಸಿಕೊಳ್ಳದ ತಮ್ಮ ಒಡಹುಟ್ಟಿದ್ದೇ ಇರಬೇಕು. ಹೇಗಾದರೂ ಸುದ್ದಿ ಮುಟ್ಟಿಸಿ: ಆ ಮನೆಯ ಅಜ್ಜಿಯಂದಿರನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳಬಾರದು.