ಸೋಮವಾರ ಮಾಡುತ್ತಿದ್ದ ನಾಯಿ

ದಪ್ಪಗಿರುವವನು ಬಡಕಲು ನಾಯಿಯನ್ನು ಸಾಕಬಾರದು. ಇದನ್ನು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಬರೆದಿದ್ದರೆ ನಾನು ಓದಿಕೊಂಡು ಹುಷಾರಾಗಿರುತ್ತಿದ್ದೆ. ನಾಯಿಯೂ ಯಜಮಾನನೂ ಇಬ್ಬರೂ ಬಡಕಲಾಗಿದ್ದರೆ ಜನ ಕನಿಕರ ಪಡುತ್ತಾರೆ. ಇಬ್ಬರೂ ದಪ್ಪಗಿದ್ದರೆ ಒಳ್ಳೆಯ ಮನೆತನ ಅನ್ನುತ್ತಾರೆ. ಆದರೆ ಎಂಬತ್ತನಾಲ್ಕು ಕೇಜಿಯ ನಾನು, ಪಕ್ಕೆಲುಬು ಎಣಿಸಬಹುದಾದ ಹಸ್ಕಿ ತಳಿಯ ನಾಯಿಯೊಂದನ್ನು ಹಗ್ಗ ಹಿಡಿದು ಅಂಕೋಲೆಯ ಬೊಬ್ರುವಾಡದ ರಸ್ತೆಯಲ್ಲಿ ಬೆಳಿಗ್ಗೆ ನಡೆಸಿಕೊಂಡು ಹೋದರೆ, ನೋಡಿದವರು ಲೆಕ್ಕ ಹಾಕುವುದು ಒಂದೇ: ನಾಯಿಯ ಊಟ ಎಲ್ಲಿಗೆ ಹೋಗುತ್ತಿದೆ ಎಂಬುದು.

ಬಾದಲ್ ನಮ್ಮ ಮನೆಗೆ ಬಂದದ್ದು ಕಾರವಾರದಿಂದ. ನಾನು ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತ, ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿ ಬರುವವನು. ನೌಕಾದಳದ ಒಬ್ಬ ಅಧಿಕಾರಿಗೆ ದೂರದ ದ್ವೀಪಕ್ಕೆ ವರ್ಗವಾಗಿ, ನಾಯಿಯನ್ನು ಕೊಂಡೊಯ್ಯಲಾಗದೆ ಯಾರಿಗಾದರೂ ಕೊಡಬೇಕೆಂದು ಹುಡುಕುತ್ತಿದ್ದರು. ನಾನು ಸುಮ್ಮನೆ ನೋಡಲಿಕ್ಕೆಂದು ಹೋದವನು. ಅದು ತನ್ನ ನೀಲಿ ಕಣ್ಣಿನಿಂದ ನನ್ನನ್ನು ಒಮ್ಮೆ ನೋಡಿ, ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿತು. ಮದುವೆಗೆ ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಬೇಗ ಒಪ್ಪಿರಲಿಲ್ಲ. ಈ ಮಾತನ್ನು ಹೆಂಡತಿ ಸುಧಾಳ ಎದುರು ಒಮ್ಮೆ ಹೇಳಿ, "ಹಂಗಾರೆ ಅದರ ಊಟ, ಸ್ನಾನ, ಎಲ್ಲಾ ನೀವೇ ನೋಡ್ಕಳ್ಳಿ" ಎಂಬ ಶಿಕ್ಷೆಗೆ ಒಳಗಾದೆ.

ಬರುವಾಗ ಅವನ ತೂಕ ಇಪ್ಪತ್ತೆರಡು ಕೇಜಿ. ಹಸ್ಕಿಯ ಒಂದು ಮೋಸವೆಂದರೆ ಅದರ ಕೂದಲು. ಒಳಗೆ ನಾಯಿ ಕರಗುತ್ತಿದ್ದರೂ ಹೊರಗಿನ ಕಂಬಳಿ ಹಾಗೆಯೇ ಇರುತ್ತದೆ. ಐದಾರು ತಿಂಗಳು ನಮಗೆ ಏನೂ ಗೊತ್ತಾಗಲಿಲ್ಲ. ಮಳೆ ಬಿಟ್ಟ ದಿನಗಳ ಸೆಕೆ ತಡೆಯದೆ ಅವನು ಬಚ್ಚಲಿನಲ್ಲೇ ವಾಸ ಶುರುಮಾಡಿದಾಗ ಒಂದು ದಿನ ಸರಿಯಾಗಿ ನೀರು ಹೊಯ್ದು ಮೀಯಿಸಿದೆ. ಕೂದಲು ಮೈಗೆ ಅಂಟಿದ ಮೇಲೆ ನೋಡುತ್ತೇನೆ, ಅರ್ಧ ನಾಯಿಯೇ ಇಲ್ಲ! ಬೆನ್ನಮೂಳೆ, ಪಕ್ಕೆಲುಬು, ನಡುವೆ ಎರಡು ಕಣ್ಣು. ಸುಧಾ ಬಾಗಿಲಲ್ಲಿ ನಿಂತು, "ಅಯ್ಯೋ ದೇವರೆ, ಇದಕ್ಕೆ ನಾವು ಎಂತಾ ಮಾಡಿದ್ವು?" ಎಂದಳು. ನಮ್ಮನ್ನು ನಂಬಿ ಬಂದ ಪ್ರಾಣಿ.

ಆ ವಾರವೇ ಕಾರವಾರದ ಪ್ರಾಣಿವೈದ್ಯೆಯೊಬ್ಬರ ಬಳಿ ಒಯ್ದೆ. ಬಾದಲ್ ತಕ್ಕಡಿಯ ಹಲಗೆ ಹತ್ತಲೊಲ್ಲ. ಎಳೆದರೆ ಊಳಿಡುತ್ತಾನೆ, ಅದೂ ಹೆಣ ಹೊರಟ ಮನೆಯ ಹಾಗೆ. ಕೊನೆಗೆ ನಾನೇ ಅವನನ್ನು ಎತ್ತಿಕೊಂಡು ನಿಂತೆ. ನೂರು ಚಿಲ್ಲರೆ. ಆಮೇಲೆ ನಾನೊಬ್ಬನೇ ನಿಂತೆ. ಕಳೆದರೆ ಬಾದಲ್ ಹದಿನಾರೂವರೆ. ಡಾಕ್ಟರು ಚೀಟಿಯಲ್ಲಿ ಮೂರೂ ಅಂಕಿ ಬರೆದುಕೊಂಡು, ಏನು ತಿನ್ನಿಸುತ್ತೀರಿ ಎಂದು ಕೇಳಿದರು.

ನಾನು ಹೆಮ್ಮೆಯಿಂದಲೇ ಹೇಳಿದೆ. ಮೊದಲು ಚೀಲದಲ್ಲಿ ಬರುವ ನಾಯಿಯ ಆಹಾರ ತಂದಿದ್ದೆ. ಅವನು ಬಟ್ಟಲನ್ನು ಮಗುಚಿ ಹಾಕುತ್ತಿದ್ದ, ತಿಂದು ಕೊಬ್ಬಿದ್ದು ಹಿತ್ತಲಿನ ಕಾಗೆಗಳು. ಕಚೇರಿಯ ಸ್ನೇಹಿತನ ಮಾತು ಕೇಳಿ ರಾಗಿ ಅಂಬಲಿ ಮಾಡಿದೆ. ಅದನ್ನು ಮೂಗಿಗೆ ಮೆತ್ತಿಕೊಂಡು ಸೋಫಾಕ್ಕೆ ಒರೆಸಿದ. ಕೊನೆಗೆ ಒಗ್ಗಿದ್ದು ಮನೆಯ ಊಟವೇ. ಮಂಗಳವಾರ, ಬುಧವಾರ, ಶುಕ್ರವಾರ, ಆದಿತ್ಯವಾರ ಮೀನು ಅನ್ನ, ಚೊಕ್ಕ ಊಟ.

"ಉಳಿದ ಮೂರು ದಿನ?"

"ಸೋಮವಾರ, ಗುರುವಾರ, ಶನಿವಾರ ನಮ್ಮಲ್ಲಿ ಮೀನು ಮೊಟ್ಟೆ ಇಲ್ಲ ಡಾಕ್ಟ್ರೇ. ಬೇಳೆ ಸಾರು ಅನ್ನ ಹಾಕ್ತೇವೆ. ಅವ ಮೂಸಿ ನೋಡಿ ಮಲಗ್ತಾನೆ. ಸೋಮವಾರ ಮಾಡ್ತಾನೆ."

"ಯಾರು?"

"ಬಾದಲ್."

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಅವರ ನೋಟದಲ್ಲಿ ನನಗೆ ನಮ್ಮ ಇಡೀ ಮನೆಯ ಮೂರ್ಖತನ ಕಾಣಿಸಿತು. ಏಕೆಂದರೆ ನಾವು ಅದನ್ನು ಭಕ್ತಿ ಎಂದೇ ನಂಬಿದ್ದೆವು. ಮೊದಲ ಸೋಮವಾರ ಅವನು ಬೇಳೆ ಸಾರು ಬಿಟ್ಟೆದ್ದಾಗ ಆಯಿ, ಅಂದರೆ ನನ್ನ ತಾಯಿ, ಕೈಮುಗಿದು, "ನೋಡ್ರಾ, ಮೂಕ ಪ್ರಾಣಿ ಆದ್ರೂ ಸೋಮಾರ ಮಾಡ್ತದೆ. ಹಿಂದಿನ ಜನ್ಮದಲ್ಲಿ ಯಾರೋ ಪುಣ್ಯಾತ್ಮ ಇರ್ಬೇಕು" ಎಂದಿದ್ದಳು. ಅಕ್ಕಪಕ್ಕದವರು ಬಂದು ನೋಡಿ ಹೋದರು. ಹಟ್ಟಿಕೇರಿಯ ನಮ್ಮ ಅತ್ತೆ ಒಂದು ಬಾಳೆಹಣ್ಣನ್ನೂ ಅವನ ಮುಂದಿಟ್ಟು ಹೋಗಿದ್ದಳು. ಸಂಕಷ್ಟಿ, ಏಕಾದಶಿ ಬಂದರೆ ಅವನ ಪುಣ್ಯ ಇನ್ನೂ ಬೆಳೆಯುತ್ತಿತ್ತು, ತೂಕ ಮಾತ್ರ ಇಳಿಯುತ್ತಿತ್ತು.

ಡಾಕ್ಟರು ಬಿಡಿಸಿ ಹೇಳಿದರು. ಹಿಮದ ನಾಡಿನ ತಳಿ, ನಮ್ಮ ಸೆಕೆಗೆ ಅದಕ್ಕೆ ಮೊದಲೇ ಹಸಿವು ಕಡಿಮೆ; ಅದರ ಮೇಲೆ ವ್ರತ ಬೇರೆ. ಜಂತಿನ ಮಾತ್ರೆ ಕೊಟ್ಟರು. ಏಳೂ ದಿನ ಬೇಯಿಸಿದ ಮೀನು, ಕೋಳಿ ಅಥವಾ ಮೊಟ್ಟೆ, ಅನ್ನದ ಜೊತೆ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಮೂರು ಹೊತ್ತು. ಉಪ್ಪು, ಖಾರ, ಈರುಳ್ಳಿ ಯಾವುದೂ ಇಲ್ಲ. ಒಂದು ಮುಳ್ಳೂ ಇರಕೂಡದು. "ಆರು ವಾರದಲ್ಲಿ ಎರಡು ಕೇಜಿಯಾದರೂ ಏರಬೇಕು. ಏರದಿದ್ದರೆ ಒಳಗೆ ಬೇರೆ ಏನೋ ಕಾಯಿಲೆ ಇದೆ ಅಂತ ಅರ್ಥ, ಆಗ ಹುಬ್ಬಳ್ಳಿಗೆ ಕರಕೊಂಡು ಹೋಗಬೇಕಾಗ್ತದೆ" ಎಂದರು. ಆ ಕೊನೆಯ ಮಾತು ದಾರಿಯುದ್ದಕ್ಕೂ ನನ್ನ ಕಿವಿಯಲ್ಲೇ ಇತ್ತು. ಬಾದಲ್ ರಿಕ್ಷಾದ ಹೊರಗೆ ಮೂಗು ಹಾಕಿ ಗಾಳಿ ಕುಡಿಯುತ್ತಿದ್ದ.

ಮುಂದಿನ ತೊಡಕು ಪಂಚಾಂಗದ್ದು. ಎಂಟು ದಿನಕ್ಕೆ ಶ್ರಾವಣ. ನಮ್ಮಲ್ಲಿ ಶ್ರಾವಣವೆಂದರೆ ಮೂರು ದಿನದ ಲೆಕ್ಕವಲ್ಲ, ಇಡೀ ತಿಂಗಳು ಮನೆಗೆ ಮೀನಿನ ವಾಸನೆಯೂ ಬರುವಂತಿಲ್ಲ. ಆಯಿಗೆ ಹೇಳಿದೆ. "ನನ್ನ ಅತ್ತೆ ಕಾಲದಿಂದ ಈ ಒಲೆ ಮೇಲೆ ಶ್ರಾವಣದಲ್ಲಿ ಮೀನು ಏರಲಿಲ್ಲ" ಎಂದು ಅವಳು ಒಂದೇ ಮಾತಿನಲ್ಲಿ ಮುಗಿಸಿದಳು. ನಾನು ಹುಬ್ಬಳ್ಳಿಯ ವಿಷಯ ತೆಗೆದೆ. ಅವಳು ಜಗಲಿಗೆ ಹೋಗಿ, ಮಲಗಿದ್ದ ಬಾದಲ್‌ನ ಕೂದಲೊಳಗೆ ಕೈ ಹಾಕಿ, ಜಪಮಣಿ ಎಣಿಸುವ ಹಾಗೆ ಪಕ್ಕೆಲುಬು ಮುಟ್ಟುತ್ತ ಕೂತಳು. ಆಮೇಲೆ ಒಳಗೆ ಬಂದು, "ಹಿತ್ಲಲ್ಲಿ ಬೇಯ್ಸು. ನೀನೇ ಬೇಯ್ಸು. ಪಾತ್ರೆ ಒಳಗೆ ತರೂಕಿಲ್ಲ" ಎಂದಳು. ನನ್ನ ಆಯಿಯನ್ನು ಬಲ್ಲವರಿಗೆ ಇದು ಎಂಥ ಮಾತೆಂದು ಗೊತ್ತು.

ಹೀಗೆ ನಾನು ತೆಂಗಿನ ಮರದ ಬುಡದಲ್ಲಿ, ಮಳೆಗೆ ಮೇಲೊಂದು ತಗಡು ಕಟ್ಟಿ, ಮೂರು ಕಲ್ಲು ಹೂಡಿದೆ. ಕಷ್ಟ ಅದಲ್ಲ, ಮೀನುಪೇಟೆ. ಶ್ರಾವಣದಲ್ಲಿ ನನ್ನಂಥವನು ಅತ್ತ ತಲೆ ಹಾಕಿದರೆ ಸಂಜೆಯೊಳಗೆ ಊರಿಗೆಲ್ಲ ಸುದ್ದಿ. ಆದರೂ ಹೋದೆ. ನಮಗೆ ವರ್ಷಗಳಿಂದ ಮೀನು ಕೊಡುವ ತುಳಸಕ್ಕ ಬುಟ್ಟಿಯ ಹಿಂದೆ ಕೂತಿದ್ದಳು. ನಾಲ್ಕೂ ದಿಕ್ಕು ನೋಡಿ, ದನಿ ತಗ್ಗಿಸಿ, "ಬಂಗಡೆ ಕೊಡು ತುಳಸಕ್ಕಾ. ನಾಯಿಗೆ" ಎಂದೆ.

ತುಳಸಕ್ಕ ದನಿ ತಗ್ಗಿಸುವ ಪೈಕಿಯವಳಲ್ಲ. "ಹೌದ ತಮಾ, ನಾಯಿಗೇಯಾ! ಶ್ರಾವಣ ಹುಟ್ಟಿದ ಮೇಲೆ ನಾಯಿಗೆ ಹೇಳಿ ತಕಂಡ್ ಹೋದವ್ರಲ್ಲಿ ನೀ ಎಂಟನೇಯವ. ಅಂಕೋಲೆಲಿ ಇಷ್ಟ್ ನಾಯಿ ಎಲ್ಲಿದ್ವೋ ದೇವ್ರಿಗೇ ಗೊತ್ತು" ಎಂದಳು. ಸಾಲಿನಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ನಾನು ಮೊಬೈಲ್ ತೆಗೆದು ಬಾದಲ್‌ನ ಫೋಟೋ ತೋರಿಸಿದೆ. "ಚಂದ ಇತ್ತು. ಎಲ್ಲರೂ ಫೋಟೋ ತೋರ್ಸ್ತ್ರು" ಎಂದು ಅವಳು ದೊಡ್ಡ ನಾಲ್ಕನ್ನು ಆರಿಸಿ ಚೀಲಕ್ಕೆ ಹಾಕಿದಳು.

ಮೊದಲ ಒಂದೆರಡು ದಿನ ನಾನು ನಿಷ್ಠಾವಂತ ಅಡುಗೆಭಟ್ಟನಾಗಿದ್ದೆ. ಮೀನು ಬೇಯಿಸಿ, ಬೆರಳಲ್ಲಿ ಹಿಸುಕಿ ಮುಳ್ಳು ತೆಗೆದು, ಅನ್ನ ಕಲಸಿ ಕೊಟ್ಟೆ. ಬಾದಲ್ ಬಟ್ಟಲನ್ನು ನೆಕ್ಕುತ್ತ ಹಿತ್ತಲಿನ ತುದಿಯವರೆಗೆ ತಳ್ಳಿಕೊಂಡು ಹೋದ. ಮೂರನೆಯ ದಿನ ನನಗೆ ಒಂದು ಭಯ ಹುಟ್ಟಿತು. ಬೆರಳಿಗೆ ತಾಗದ ಸಣ್ಣ ಮುಳ್ಳು ಉಳಿದಿದ್ದರೆ? ಮುಳ್ಳಿನ ವಿಷಯದಲ್ಲಿ ಬೆರಳಿಗಿಂತ ನಾಲಿಗೆ ಜಾಣ ಎಂಬುದು ಕರಾವಳಿಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ನಾಯಿಯ ಜೀವದ ಪ್ರಶ್ನೆ. ಪ್ರತಿ ಮೀನಿನಿಂದ ಒಂದು ತುಣುಕನ್ನು ಪರೀಕ್ಷಿಸತೊಡಗಿದೆ. ಪರೀಕ್ಷೆಗೆ ತೆಗೆದ ತುಣುಕಿಗೆ ಒಂದು ಕಲ್ಲು ಉಪ್ಪು ಸೋಕಿಸಿದರೆ ನಾಯಿಗೇನೂ ನಷ್ಟವಿಲ್ಲ. ಎರಡನೆಯ ವಾರಕ್ಕೆ ಪರೀಕ್ಷೆ ಕಟ್ಟುನಿಟ್ಟಾಯಿತು. ನಾಲ್ಕು ಬಂಗಡೆ ಸಾಲದೆ ಆರು ತರತೊಡಗಿದೆ. ಬಾದಲ್‌ಗೆ ಎರಡು ತುತ್ತು, ನನಗೊಂದು. ಅವನು ನನ್ನ ಸರದಿ ಮುಗಿಯುವ ತನಕ ಬಾಲವಾಡಿಸುತ್ತ ಕಾಯುತ್ತಿದ್ದ. ಆಮೇಲೆ ನಾನು ಒಳಗೆ ಹೋಗಿ ಎಲ್ಲರ ಜೊತೆ ಕೂತು ಬೇಳೆ ಸಾರು ಉಣ್ಣುತ್ತಿದ್ದೆ.

ಆರು ವಾರ ಮುಗಿದ ದಿನ ಆಯಿಯೂ ಹೊರಟಳು. "ನಾ ಒಪ್ಪಿಗೆ ಕೊಟ್ಟವ್ಳು, ನಂಗೂ ನೋಡ್ಬೇಕು." ಕಾರವಾರದಲ್ಲಿ ಬಾದಲ್ ಮತ್ತೆ ತಕ್ಕಡಿ ಹತ್ತಲಿಲ್ಲ, ಮತ್ತೆ ನಾನೇ ಎತ್ತಿಕೊಂಡು ನಿಂತೆ. ಡಾಕ್ಟರು ಬಾಗಿ ಓದಿದರು. ನೂರಾ ಆರು! ಇನ್ನು ನೀವೊಬ್ಬರೇ ನಿಲ್ಲಿ ಎಂದರು. "ನನ್ನದು ನಿಮ್ಮ ಚೀಟಿಯಲ್ಲೇ ಇದೆಯಲ್ಲ ಡಾಕ್ಟ್ರೇ, ಎಂಬತ್ತನಾಲ್ಕು" ಎಂದೆ. ಅವರು ಕಳೆದರು. ಇಪ್ಪತ್ತೆರಡು. ಬಂದಾಗ ಇದ್ದಷ್ಟೇ! ನನಗೆ ಕುಣಿಯಬೇಕೆನಿಸಿತು.

ಡಾಕ್ಟರು ಮಾತ್ರ ಬಾದಲ್‌ನ ಪಕ್ಕೆ ಮುಟ್ಟಿ ಮುಟ್ಟಿ ನೋಡಿದರು. "ಆರು ವಾರಕ್ಕೆ ಐದೂವರೆ ಕೇಜಿ? ಕೈಗೆ ಅಷ್ಟು ಸಿಗ್ತಾ ಇಲ್ಲವಲ್ಲ."

ಬೆಂಚಿನ ಮೇಲೆ ಕೂತಿದ್ದ ಆಯಿ ಸೆರಗು ಸರಿಮಾಡಿಕೊಂಡಳು. "ಇವ್ನನ್ನೂ ಒಂದ್ಸಲ ಹತ್ಸಿ ನೋಡಿ ಡಾಕ್ಟ್ರೇ."

ಹತ್ತಿದೆ. ಉಸಿರು ಬಿಗಿಹಿಡಿದರೆ ತೂಕ ಕಡಿಮೆಯಾಗುವುದಿಲ್ಲ ಎಂಬುದು ಅಂದು ತಿಳಿಯಿತು. ಎಂಬತ್ತೇಳು. ಬಾದಲ್ ಹತ್ತೊಂಬತ್ತು, ಎರಡೂವರೆ ಏರಿದ್ದ. ಹುಬ್ಬಳ್ಳಿಗೆ ಹೋಗಬೇಕಿಲ್ಲ ಎಂದು ಡಾಕ್ಟರು ಹೇಳಿದಾಗ ನನ್ನ ಕಣ್ಣು ಒದ್ದೆಯಾದದ್ದು ನಿಜ. ಆದರೆ ಅದನ್ನು ನೋಡುವವರು ಯಾರೂ ಇರಲಿಲ್ಲ. ಎಲ್ಲರೂ ಮೂರು ಕೇಜಿಯ ಕಡೆ ನೋಡುತ್ತಿದ್ದರು.

"ಶ್ರಾವಣದಲ್ಲಿ ಬೇಳೆ ಸಾರು ಉಂಡು ಮೂರು ಕೇಜಿ ಏರ್ದವ ಈ ಸೀಮೆಯಲ್ಲಿ ಇವನೊಬ್ನೇ" ಎಂದಳು ಆಯಿ. ಮನೆ ತಲುಪಿದ ಮೇಲೆ, "ಇನ್ನು ಸೋಮಾರ ನಾಯಿಗೆ ನಾನೇ ಬೇಯಿಸ್ತೆ. ನೀ ಹಿತ್ಲಿಗೆ ಹೋಗೂದು ಬೇಡ" ಎಂದಳು. ಮಗನ ವ್ರತ ಉಳಿಸಲು ತನ್ನ ಮಡಿ ಬಿಟ್ಟಳು. ಇದಕ್ಕಿಂತ ಎರಡು ಏಟು ಕೊಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಮೊನ್ನೆ ಸೋಮವಾರ ಬೆಳಿಗ್ಗೆ ಮೂಗಿಗೆ ಸೆರಗು ಕಟ್ಟಿಕೊಂಡು ಆಯಿ ಮೀನು ಬೇಯಿಸಿ, ಅನ್ನ ಕಲಸಿ ಬಾದಲ್‌ನ ಮುಂದಿಟ್ಟಳು. ನಾನು ದೂರದ ಮೆಟ್ಟಿಲಲ್ಲಿ ಪೇಪರ್ ಓದುತ್ತಿದ್ದೆ. ಬಾದಲ್ ಎರಡು ತುತ್ತು ತಿಂದ, ನಿಲ್ಲಿಸಿದ. ಬಟ್ಟಲನ್ನು ಮೂಗಿನಿಂದ ತಳ್ಳಿಕೊಂಡು ಹಿತ್ತಲು ದಾಟಿ ನನ್ನ ಕಾಲ ಬುಡಕ್ಕೆ ತಂದಿಟ್ಟು, ಕೂತು, ಬಾಲವಾಡಿಸಿದ. ನನ್ನ ಸರದಿ.

ಆಯಿ ಸೌಟು ಹಿಡಿದೇ ನೋಡುತ್ತಿದ್ದಳು. ನಾನು ಪೇಪರನ್ನು ಮುಖದ ತನಕ ಎತ್ತಿಕೊಂಡೆ. ಬಾದಲ್ ಕಾಯುತ್ತಲೇ ಇದ್ದ.