ಮೂಳೆ ಹಂಚಿದ ಕಂಪ್ಯೂಟರ್

ನೀವೇ ಹೇಳಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ? ನಾರಿನ್ ಊರಿನಲ್ಲಿ ವ್ಯಾನ್ ಓಡಿಸುವ ನಾನು, ನಾಲ್ಕು ತಿಂಗಳಿಂದ ಸೀಟು ತುಂಬುವವರೆಗಿನ ಬಿಡುವಿನಲ್ಲಿ ಸ್ಟೀರಿಂಗಿಗೆ ಲ್ಯಾಪ್‌ಟಾಪ್ ಒರಗಿಸಿಕೊಂಡು, ಮನೆಗೆ ಬಂದರೆ ಅಡುಗೆಮನೆಯಲ್ಲಿ ಪಾಠದ ವಿಡಿಯೋ ಹಾಕಿಕೊಂಡು ಕಲಿಯುತ್ತಿದ್ದೆ. (ಸೀಟು ತುಂಬಿದ್ದೇ ಗೊತ್ತಾಗದೆ ಎರಡು ಸಲ ಬೈಸಿಕೊಂಡೆ. ವಿದ್ಯೆ ಎಂದರೆ ಸುಮ್ಮನೆಯೇ?)

"ಮೊದಲು ಆ ವ್ಯಾನಿನ ಬಾಗಿಲು ರಿಪೇರಿ ಮಾಡ್ರೀ," ಎನ್ನುತ್ತಿದ್ದಳು ಹೆಂಡತಿ ಬುರುಲ್.

"ನೋಡ್ತಿರು, ನಿನ್ನ ತವರಿನವರೆಲ್ಲ ಮೂಗಿನ ಮೇಲೆ ಬೆರಳಿಡೋ ಹಾಗೆ ಮಾಡ್ತೀನಿ!"

ಅವಕಾಶವೂ ಬಂತು. ಅವಳ ತಾತ ಮೊಲ್ದಾಲಿಗೆ ನೂರು ತುಂಬಿದ ಔತಣ. ನಮ್ಮಲ್ಲಿ ಕುರಿಯ ಮೂಳೆಗೂ ಅಂತಸ್ತುಂಟು. ಸೊಂಟದ ಮೂಳೆ ಎಲ್ಲರಿಗಿಂತ ಹಿರಿಯರಿಗೆ. ವಯಸ್ಸು ಇಳಿದಂತೆ ತೊಡೆ, ಭುಜ, ಪಕ್ಕೆಲುಬು. ಕಿವಿ ಮಾತ್ರ ಚಿಕ್ಕವರಿಗೆ, ದೊಡ್ಡವರ ಮಾತು ಕೇಳಲಿ ಎಂದು. ಪ್ರತಿ ಔತಣದಲ್ಲೂ ಭಾವಮೈದುನ ಎಸೆನ್ ಯಾರಿಗೋ ತಪ್ಪು ಮೂಳೆ ಕೊಟ್ಟು, ಒಂದು ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಿದ್ದರು. ಲೋಕಕಲ್ಯಾಣಾರ್ಥವಾಗಿ ನಾನೊಂದು ಪ್ರೋಗ್ರಾಂ ಬರೆದೆ: ವಯಸ್ಸು ಕೊಟ್ಟರೆ ಮೂಳೆ ಹೇಳುತ್ತದೆ. ಸ್ಟ್ಯಾಂಡಿನ ಇಪ್ಪತ್ತು ಡ್ರೈವರುಗಳ ಹೆಸರು, ವಯಸ್ಸು ಹಾಕಿ ಪರೀಕ್ಷಿಸಿದೆ. ಮೂವತ್ತರಿಂದ ಅರವತ್ತರವರೆಗಿನವರೆಲ್ಲ ಸರಿಯಾಗಿ ಸಾಲು ನಿಂತರು.

"ತಾತನ್ನೂ ಮಕ್ಕಳನ್ನೂ ಹಾಕಿ ಒಂದ್ಸಲ ನೋಡ್ರೀ," ಎಂದಳು ಬುರುಲ್.

"ಡ್ರೈವರುಗಳಿಗೆ ಸರಿಹೋಗಿದ್ದು ನಿಮ್ಮ ತಾತನಿಗೆ ತಪ್ಪತ್ತಾ? ತಪ್ಪಿದ್ರೆ ಈ ಲ್ಯಾಪ್‌ಟಾಪ್ ನಿಂದೇ, ಹೋಗು!"

ಔತಣದ ದಿನ ಅರವತ್ತು ನೆಂಟರ ನಡುವೆ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದೆ.

"ಸೊಂಟದ ಮೂಳೆ... ಕುಂದುಜ್!"

ಕುಂದುಜ್ ಎಂದರೆ ಎಸೆನ್‌ನ ಮಗಳು.

"ಭಾವ, ಅವಳಿಗಿನ್ನೂ ಒಂಬತ್ತು ವರ್ಷ!"

"ಯಂತ್ರಕ್ಕೆ ಪಕ್ಷಪಾತ ಇಲ್ಲ ಕಣಯ್ಯ! ಮುಂದೆ ಕೇಳು!" ಎಂದು ಗದರಿಸಿ, ಬೆವರುತ್ತಲೇ ಕೊನೆಯವರೆಗೆ ಓದಿದೆ. ಹಿಂದೆ ಸರಿಯುವ ವಂಶ ನಮ್ಮದಲ್ಲ. "ಕಟ್ಟಕಡೆಗೆ, ಕಿವಿ... ಮೊಲ್ದಾಲಿ ತಾತ."

ಬುರುಲ್ ಬಂದು ನನ್ನ ಹೆಗಲ ಮೇಲಿಂದ ಇಣುಕಿದಳು.

"ವಯಸ್ಸನ್ನ ಸಂಖ್ಯೆ ಅಂತ ಕೊಡದೆ ಅಕ್ಷರ ಅಂತ ಕೊಟ್ಟಿದೀರಲ್ರೀ! ಅದು ಮೊದಲನೇ ಅಂಕಿ ನೋಡಿ ಜೋಡಿಸಿದೆ. ಒಂಬತ್ತು ಮೇಲೆ ಹೋಯ್ತು, ಒಂದರಿಂದ ಶುರುವಾಗೋ ನೂರು ಕೆಳಗೆ ಬಂತು."

"ನಿಂಗ್ಹೇಗೆ ಗೊತ್ತು?"

"ನಾಲ್ಕು ತಿಂಗಳಿಂದ ಆ ಪಾಠ ನನ್ನ ಕಿವಿ ಹತ್ರಾನೇ ಅರಚ್ತಿತ್ತಲ್ಲ. ಹಿಟ್ಟು ನಾದ್ತಾ ಕೇಳಿಸ್ಕೊಂಡೆ."

ತಾತ ತನ್ನ ಪಾಲಿಗೆ ಬಂದ ಆ ಕಿವಿಯನ್ನು ತಿರುಗಿಸಿ ತಿರುಗಿಸಿ ನೋಡಿ, ನನ್ನನ್ನು ಹತ್ತಿರ ಕರೆದ.

"ಬಾರಪ್ಪಾ ಅಳಿಯ. ನೂರು ವರ್ಷ ಎಲ್ಲರ ಮಾತೂ ಕೇಳಿ ನಂಗೆ ಸಾಕಾಗಿದೆ. ಇದು ನೀನೇ ತಿನ್ನು, ಹೆಂಡತಿ ಮಾತಾದ್ರೂ ಕೇಳ್ತೀಯ."

ಅರವತ್ತು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ನಾನು ತಲೆಯೆತ್ತಿಕೊಂಡೇ ಆ ಕಿವಿಯನ್ನು ಜಗಿದೆ. ಅವಮಾನವಾಯಿತು, ಸುಳ್ಳೇಕೆ ಹೇಳಲಿ.

ಲ್ಯಾಪ್‌ಟಾಪ್ ಈಗ ಬುರುಲ್‌ಳದು. ಹಾಗೆಂದು ನಾನು ಕಲಿಯುವುದನ್ನು ಬಿಟ್ಟೆ ಎಂದುಕೊಂಡಿರಾ? ಯಾರು ನಕ್ಕರೂ ಬಿಡುವವನಲ್ಲ! ದಿನಾ ಸಂಜೆ ಅವಳು ಮೇಜಿನ ಮುಂದೆ ಕೂತು ಪ್ರೋಗ್ರಾಂ ಬರೆಯುತ್ತಾಳೆ. ನಾನು ಹಿಟ್ಟು ನಾದುತ್ತಾ ಪಾಠ ಕೇಳುತ್ತೇನೆ.