ಬಲಗೈ ಎತ್ತಿದರೆ

ಎಲ್ಲಕ್ಕೂ ಮೂಲ ಹೆಂಡತಿ ತಂದ ಹೊಸ ದಿಂಬು. ಬೆಳಗ್ಗೆ ಏಳುವಷ್ಟರಲ್ಲಿ ಅವನ ಬಲ ಹೆಗಲು ಹಿಡಿದುಕೊಂಡಿತ್ತು. ಬೇರೆಯವರಾಗಿದ್ದರೆ ಒಂದು ದಿನ ರಜೆ ಹಾಕಿ ಮಲಗುತ್ತಿದ್ದರು. ಇವನ ಹೊಟ್ಟೆಪಾಡೇ ಬಲಗೈ. ಟಿವಿ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಂದೆ ನಿಂತು ಅವನು ಬಲಗೈ ಎತ್ತಿದರೆ ಪ್ರೇಕ್ಷಕರು ಚಪ್ಪಾಳೆ ತಟ್ಟಬೇಕು, ಇಳಿಸಿದರೆ ನಿಲ್ಲಿಸಬೇಕು. ಹನ್ನೆರಡು ವರ್ಷದಿಂದ ಇದೇ ಕೆಲಸ, ಹನ್ನೆರಡು ವರ್ಷದಿಂದಲೂ ಹಂಗಾಮಿ. ಅಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಚಪ್ಪಾಳೆರಾಯ ಎಂದು.

ಆ ಸಂಜೆ ಚುನಾವಣೆಯ ಇಬ್ಬರು ಅಭ್ಯರ್ಥಿಗಳ ಚರ್ಚೆಯ ನೇರ ಪ್ರಸಾರ. "ಇದೊಂದು ಸುಸೂತ್ರ ಆಗ್ಲಿ, ನಿಮ್ಮ ಖಾಯಂ ಪತ್ರಕ್ಕೆ ಸಹಿ ಹಾಕ್ತೀನಿ" ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದರು.

"ಅಯ್ಯೋ, ಇಷ್ಟೇ ತಾನೇ?" ಎನ್ನುತ್ತ, ಹೆಗಲುನೋವಿನ ಸುದ್ದಿ ತಿಳಿದ ಎದುರುಮನೆಯ ನಿವೃತ್ತ ಕಾಂಪೌಂಡರ್ ಬೆಳಗ್ಗೆಯೇ ಕರೆಯದೆ ಬಂದು, ಸ್ವಂತ ತಯಾರಿಕೆಯ ಮುಲಾಮನ್ನು ಹೆಗಲಿನಿಂದ ಕಂಕುಳಿನವರೆಗೆ ಬಳಿದರು. "ಸ್ವಲ್ಪ ಉರಿಬಹುದು. ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ."

ಮಧ್ಯಾಹ್ನಕ್ಕೆ ನೋವು ಮಾಯ. "ನಿಮ್ಮ ಉಪಕಾರ ಸಾಯೋತನಕ ಮರೆಯಲ್ಲ ಅಂಕಲ್" ಎಂದು ಚಪ್ಪಾಳೆರಾಯ ಕೈ ಮುಗಿದು ಹೊರಟ.

ಉರಿ ಶುರುವಾದದ್ದು ಸ್ಟುಡಿಯೋದ ದೀಪಗಳ ಬಿಸಿಗೆ.

"ಕುಡಿಯೋ ನೀರಿನ ಯೋಜನೆ ಏನಾಯ್ತು?" ಎಂದು ನಿರೂಪಕಿ ಕೇಳಿದಳು. ಅಭ್ಯರ್ಥಿಗಳಲ್ಲಿ ಒಬ್ಬರಾದ ಮಾಜಿ ಮಂತ್ರಿಗಳು ಗಂಟಲು ಸರಿಮಾಡಿಕೊಂಡು, "ನಮ್ಮ ಕಾಲದಲ್ಲಿ ನೀರು ಬರ್ಲಿಲ್ಲ ಅನ್ನೋದು ನಿಜ, ಆದ್ರೆ..." ಎಂದರು. ಅಷ್ಟರಲ್ಲಿ ಕಂಕುಳಲ್ಲಿ ಕೆಂಡ ಇಟ್ಟಂತಾಗಿ, ಕೊಂಚ ಗಾಳಿಯಾಡಲೆಂದು ಚಪ್ಪಾಳೆರಾಯ ಬಲಗೈ ಎತ್ತಿದ. ಇನ್ನೂರು ಜನ ಪಟಪಟನೆ ತಟ್ಟಿದರು.

'ಆದ್ರೆ'ಯ ಮುಂದಿನದು ಮಂತ್ರಿಗಳ ಬಾಯಲ್ಲೇ ಉಳಿಯಿತು. ಮೂವತ್ತು ವರ್ಷದ ರಾಜಕೀಯದಲ್ಲಿ ನಿಜ ಹೇಳಿ ಚಪ್ಪಾಳೆ ಗಿಟ್ಟಿಸಿದ್ದು ಇದೇ ಮೊದಲು. "ಬರ್ಲೇ ಇಲ್ಲ!" ಎಂದರು ಹುರುಪಿನಿಂದ. "ಪೈಪ್ ಹಾಕಿಸಿದ್ವಿ, ನೀರು ಬಿಡೋದು ಮರೆತ್ವಿ!"

ಮತ್ತೆ ಉರಿ, ಮತ್ತೆ ಕೈ, ಮತ್ತೆ ಚಪ್ಪಾಳೆ.

ಎದುರಾಳಿ ಲಾಯರಮ್ಮ ಸುಮ್ಮನಿರುತ್ತಾರೆಯೇ? "ನಮ್ಮ ಪ್ರಣಾಳಿಕೆ ನಾನು ಓದೇ ಇಲ್ಲ! ಮೇಲಿನ ಫೋಟೋ ಮಾತ್ರ ನಾನೇ ಆರಿಸಿದ್ದು!" ಎಂದರು. ಜನ ಬಿದ್ದು ಬಿದ್ದು ನಕ್ಕರು. ಮಂತ್ರಿಗಳು ಮುಂದೆ ಬಂದು, ತಾವು ಕಟ್ಟಿಸಿದ ಸೇತುವೆಯನ್ನು ಜನ ಹೇಗೆ ದಾಟುತ್ತಾರೆಂದು ತೂರಾಡಿ ತೋರಿಸಿದರು. ಲಾಯರಮ್ಮ ತಮ್ಮ ಪಕ್ಷದ ಅಧ್ಯಕ್ಷರ ಅಳುವ ಭಾಷಣವನ್ನು ಅವರದೇ ದನಿಯಲ್ಲಿ ಒಪ್ಪಿಸಿದರು.

'ನನ್ನ ಖಾಯಂ ಕೆಲಸ ನೀರುಪಾಲಾಯ್ತು' ಎಂದು ಚಪ್ಪಾಳೆರಾಯನ ಎದೆ ಒಡೆಯಿತು. ಲೈಟಿನವನು ಓಡಿ ಬಂದ. "ಏನಣ್ಣಾ ನಿನ್ನ ಅವತಾರ!" ಎನ್ನುತ್ತ ಒದ್ದೆ ಬಟ್ಟೆಯಲ್ಲಿ ಮುಲಾಮು ಒರೆಸಿ, ತನ್ನದೇ ಬೆಲ್ಟ್ ಬಿಚ್ಚಿ ಆ ಕೈಯನ್ನು ಸೊಂಟಕ್ಕೆ ಬಿಗಿದ. ಆದರೆ ಕೈ ಕಟ್ಟಿದರೂ ಚಪ್ಪಾಳೆ ನಿಲ್ಲಲಿಲ್ಲ. ಜನಕ್ಕೆ ರುಚಿ ಹತ್ತಿಬಿಟ್ಟಿತ್ತು.

ಚರ್ಚೆ ಮುಗಿದು ಬೆಲ್ಟ್ ಬಿಚ್ಚುವಷ್ಟರಲ್ಲಿ ಮುಲಾಮಿನ ಕತೆ ಎಲ್ಲರಿಗೂ ಗೊತ್ತಾಗಿತ್ತು. ಮಂತ್ರಿಗಳು ಬಂದು ತಬ್ಬಿಕೊಂಡರು. "ಎದೆ ಹಗುರಾಯ್ತಪ್ಪ. ನಿನ್ನಿಂದ ಇವತ್ತು ನೆಮ್ಮದಿಯಾಗಿ ನಿದ್ದೆ ಮಾಡ್ತೀನಿ." ಮುಂದಿನ ಸಾಲಿನ ಅಜ್ಜಿಯೊಬ್ಬರು, "ಮನಸಾರೆ ನಕ್ಕು ಯಾವ ಕಾಲ ಆಗಿತ್ತೋ. ನಿನ್ನ ಹೊಟ್ಟೆ ತಣ್ಣಗಿರ್ಲಿ ಮಗನೇ" ಎಂದು ತಲೆ ಸವರಿದರು. ಅವನ ಕಣ್ಣು ತುಂಬಿ ಬಂತು. ಕಾಂಪೌಂಡರಿಗೆ, ಲೈಟಿನವನಿಗೆ, ಹೆಂಡತಿಯ ದಿಂಬಿಗೂ ಮನಸ್ಸಿನಲ್ಲೇ ಕೈ ಮುಗಿದ.

ಮ್ಯಾನೇಜರ್ ಖಾಯಂ ಪತ್ರ ಹಿಡಿದೇ ವೇದಿಕೆ ಹತ್ತಿ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪ್ರೇಕ್ಷಕರತ್ತ ತಿರುಗಿದರು. "ಇಷ್ಟು ಜನ ನಮ್ಮ ಚಾನೆಲ್ ನೋಡಿದ್ದು ಇವತ್ತೇ. ಇವ್ರ ಕೈ ಕಟ್ಟಿದ ಮೇಲೂ ನೀವು ತಟ್ಟಿದ್ರಿ! ನಿಜ ಹೇಳಿದ್ರೆ ಜನ ತಾವಾಗೇ ತಟ್ತಾರೆ ಅಂತ ಇವ್ರಿಂದ ಕಲಿತ್ವಿ. ಹಾಗಾಗಿ ಕೈ ಎತ್ತೋ ಹುದ್ದೆನೇ ನಾಳೆಯಿಂದ ತೆಗೀತಾ ಇದ್ದೀವಿ. ಇವ್ರಿಗೆ ನಾವು ಚಿರಋಣಿ!" ಎಂದು ಪತ್ರ ಮಡಚಿ ಜೇಬಿಗಿಟ್ಟುಕೊಂಡರು.

"ಸಾರ್, ಒಂದ್ನಿಮಿಷ! ನನ್ನ ಕೆಲಸ..." ಚಪ್ಪಾಳೆರಾಯ ಗಾಬರಿಯಿಂದ ಬಲಗೈ ಎತ್ತಿದ.

ಇನ್ನೂರು ಜನ ಎದ್ದು ನಿಂತು ತಟ್ಟಿದರು. ಅವನು ಕೈಯನ್ನು ಇನ್ನೂ ಮೇಲೆತ್ತಿ ಕೂಗಿದ. ಚಪ್ಪಾಳೆ ಇನ್ನೂ ಜೋರಾಯಿತು.